ಹೊಕ್ಕುಳಬಳ್ಳಿ ಇಂಜೆಕ್ಷನ್: ರೊಕ್ಕ ಕಟ್ಟೂ ಮೊದಲ

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಅಕ್ಕಾರ, ಅಣ್ಣಾರ, ಹೆರಿಗೆಯ ಮಾಸು, ಹೊಕ್ಕುಳಬಳ್ಳಿಯಿಂದ ಮಾಡಿದ ಕಾಂಡಕೋಶ (ಸ್ಟೆಮ್ ಸೆಲ್) ಇಂಜೆಕ್ಷನ್ ಕೊಟ್ಟು ಮೊಣಕಾಲು ನೋವು ಕಳೀತೀವಿ ಅಂತ ಯಾರರ ಅಂದ್ರ, ಸ್ವಲ್ಪ ತಡೀರಿ.

2018ರಾಗ ಅಮೆರಿಕಾದಾಗ ಹೊಕ್ಕುಳಬಳ್ಳಿ ರಕ್ತದ ಇಂಜೆಕ್ಷನ್ ತಗೊಂಡ 12 ಮಂದಿ ಸೋಂಕು ತಗುಲಿ ಆಸ್ಪತ್ರೆ ಸೇರಿದ್ರು. ಇನ್ನೂ ತೆರೆಯದ ಬಾಟ್ಲಿಯೊಳಗ ಬ್ಯಾಕ್ಟೀರಿಯಾ ಸಿಕ್ಕುವು! ಕೀಲು ನೋವಿಗೆ ಇಂಥ ಯಾವ ಇಂಜೆಕ್ಷನ್ನಿಗೂ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿಲ್ಲ.

ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿಯ ಕಾಂಡಕೋಶ ಔಷಧಕ್ಕ 2022ರಾಗ ಮೊಣಕಾಲು ಸವೆತಕ್ಕಂತ ಒಪ್ಪಿಗೆ ಸಿಕ್ಕದ್ದು ಖರೆ. ಆದ್ರ ಅದು ದಾನಿಗಳ ಎಲುಬಿನ ಮಜ್ಜೆಯಿಂದ ಮಾಡಿದ್ದು, ಟ್ರಯಲ್ ದಾಟಿ ಬಂದದ್ದು. ಆ ಔಷಧದ ಹೆಸರು ಹೇಳಿ ಮಾಸಿನ ಇಂಜೆಕ್ಷನ್ ಮಾರಿದ್ರ ನಂಬಬ್ಯಾಡ್ರಿ.

"ಇದು ಟ್ರಯಲ್" ಅಂದ್ರ ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಪಟ್ಟಿ) ನೋಂದಣಿ ನಂಬರ್ ಕೇಳ್ರಿ. ಮೊದಲ ಗದಗ ಜಿಮ್ಸ್ ಆಸ್ಪತ್ರೆಯ ಎಲುಬು-ಕೀಲು ಡಾಕ್ಟರಿಗೆ ತೋರಿಸ್ರಿ.