ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ: ದೂರವೆಷ್ಟು, ಹೊತ್ತೆಷ್ಟು?

ಮಗನೋ ಮಗಳೋ ಅಮೆರಿಕಾದಲ್ಲಿರುವ ಗೃಹಸ್ಥರು ಈಗ ನಮ್ಮಲ್ಲಿ ವಿರಳವಲ್ಲ. ಅಲ್ಲಿಂದ ಹೊರಟವರು ಮನೆ ಸೇರಲು ಎಷ್ಟು ಹೊತ್ತು ಬೇಕೆಂಬ ಪ್ರಶ್ನೆಯು ಅಂಥವರಿಗೆ ಬರಿಯ ಕುತೂಹಲದ್ದಲ್ಲ. ಲಗ್ನವನ್ನು ಗೊತ್ತುಮಾಡುವಾಗಲೂ, ಹಿರಿಯರು ಹಾಸಿಗೆ ಹಿಡಿದಾಗಲೂ ಮನೆಯವರನ್ನು ಕಾಡುವಂಥದು. ಆದುದರಿಂದ ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೋ ನಗರಗಳನ್ನು ಉದಾಹರಣೆಯಾಗಿಟ್ಟುಕೊಂಡು ಈ ಲೆಕ್ಕವನ್ನು ವಿಚಾರಿಸೋಣ.

ಗೋಡೆಯ ಭೂಪಟವನ್ನು ನೋಡಿದರೆ, ನೇರವಾಗಿ ಪೂರ್ವಕ್ಕೆ ಶಾಂತಸಾಗರವನ್ನು ದಾಟುವುದೇ ಹತ್ತಿರದ ದಾರಿಯೆಂದು ತೋರುವುದು. ಆದರೆ ಭೂಮಿಯು ಗೋಲಾಕಾರವಾದುದು. ಮನೆಯಲ್ಲಿ ಮಕ್ಕಳ ಗ್ಲೋಬು ಇದ್ದರೆ ಈ ಎರಡು ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಹಿಡಿದು ನೋಡಿರಿ. ಅದು ಉತ್ತರಕ್ಕೆ ಏರಿ, ಸೈಬೀರಿಯಾದ ಹಿಮಪ್ರದೇಶವನ್ನು ಹಾದು, ಅಲಾಸ್ಕಾದ ಮೇಲಿಂದ ಇಳಿಯುವುದು. ಈ ದಾರವು ಭೂಪರಿಧಿಯ 360 ಅಂಶಗಳಲ್ಲಿ ಸುಮಾರು 126 ಅಂಶಗಳನ್ನು ಆಕ್ರಮಿಸುತ್ತದೆ. ಅಂಶವೊಂದಕ್ಕೆ 111 ಕಿಲೋಮೀಟರಿನಂತೆ ಗುಣಿಸಿದರೆ ಸುಮಾರು 14,000 ಕಿಲೋಮೀಟರ್ ಆಗುವುದು. ದೊಡ್ಡ ವಿಮಾನದ ವೇಗ ಗಂಟೆಗೆ ಸುಮಾರು 900 ಕಿಲೋಮೀಟರ್. ಆದುದರಿಂದ ಹದಿನೈದೂವರೆ ಗಂಟೆ ಸಾಕೆಂದು ಲೆಕ್ಕ ಹೇಳುವುದು. ಆದರೆ ಏರುವಾಗಲೂ ಇಳಿಯುವಾಗಲೂ ವೇಗ ಕಡಮೆ. ಗಾಳಿಯನ್ನು ಅನುಸರಿಸಿ ದಾರಿಯೂ ಬದಲಾಗುವುದುಂಟು. ಆದಕಾರಣ ಹದಿನಾರು, ಹದಿನೇಳು ಗಂಟೆ ಹಿಡಿಯುವುದು.

2021ರ ಜನವರಿ 9ರ ಶನಿವಾರ ರಾತ್ರಿ, ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಸ್ತ್ರೀಯರೇ ನಡೆಸಿದ ಏರ್ ಇಂಡಿಯಾ ವಿಮಾನವು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, ಉತ್ತರಧ್ರುವದ ಮೇಲಿಂದ ಹಾದು, ಎಲ್ಲಿಯೂ ಇಳಿಯದೆ ಬೆಂಗಳೂರನ್ನು ಮುಟ್ಟಿತು. ಆಗ ಇಲ್ಲಿ 11ನೆಯ ತಾರೀಖು, ಸೋಮವಾರದ ನಸುಕು. ಪ್ರಯಾಣ ಹದಿನೇಳು ಗಂಟೆಯಾದರೆ ಭಾನುವಾರವೆಲ್ಲಿ ಹೋಯಿತು? ಚಳಿಗಾಲದಲ್ಲಿ ನಮ್ಮ ಗಡಿಯಾರವು ಅಲ್ಲಿನದಕ್ಕಿಂತ ಹದಿಮೂರೂವರೆ ಗಂಟೆ ಮುಂದು, ಬೇಸಿಗೆಯಲ್ಲಿ ಹನ್ನೆರಡೂವರೆ. ಲಂಕೆಯಲ್ಲಿ ಸೂರ್ಯೋದಯವಾದಾಗ ಸಿದ್ಧಪುರದಲ್ಲಿ ಅಸ್ತಮಯವೆಂದು ಆರ್ಯಭಟನು ಹೇಳಿದ ತತ್ತ್ವವೇ ಇದು. ಇಲ್ಲಿಂದ ಹೋಗುವವರಿಗೆ ಇದು ವಿಪರೀತ: ಮಧ್ಯಾಹ್ನ ಎರಡಕ್ಕೆ ಹೊರಟವರು ಹದಿನಾರು ಗಂಟೆ ಪ್ರಯಾಣಮಾಡಿಯೂ ಚಳಿಗಾಲದಲ್ಲಿ ಅದೇ ದಿನ ಸಂಜೆ ನಾಲ್ಕೂವರೆಗೆ ಇಳಿಯುವರು!

ಮನೆಯ ಲೆಕ್ಕಕ್ಕೆ ಇಷ್ಟೇ ಸಾಲದು. ನಿಲ್ದಾಣಕ್ಕೆ ಮೂರು ಗಂಟೆ ಮೊದಲೇ ಹೋಗಬೇಕು. ಇಳಿದಮೇಲೆ ತಪಾಸಣೆ, ಊರ ದಾರಿ. ನಡುವೆ ವಿಮಾನ ಬದಲಿಸಬೇಕಾದರೆ ಆಕಾಶಮಾರ್ಗಕ್ಕೇ ಇಪ್ಪತ್ತು ಗಂಟೆ ಮೀರುವುದು. ಟಿಕೆಟ್ಟು ಒಡನೆ ದೊರೆತರೂ ಬಾಗಿಲಿನಿಂದ ಬಾಗಿಲಿಗೆ ಪೂರ್ಣ ಒಂದು ಅಹೋರಾತ್ರಿಯನ್ನು ಎಣಿಸಿಕೊಳ್ಳುವುದೇ ಕ್ಷೇಮ.

ಮಕ್ಕಳು ಗಾಬರಿಗೊಂಡಾರೆಂದು ಹಿರಿಯರ ಕಾಯಿಲೆಯನ್ನು ಕೊನೆಯವರೆಗೆ ಮುಚ್ಚಿಡುವ ವಾಡಿಕೆ ನಮ್ಮ ಅನೇಕ ಮನೆಗಳಲ್ಲಿದೆ. ಸುದ್ದಿಯು ಕ್ಷಣದಲ್ಲಿ ಮುಟ್ಟುವುದು. ಮಗನು ಮುಟ್ಟಲು ಅಹೋರಾತ್ರಿ ಬೇಕು. ಈ ಅಂತರವನ್ನು ಯಾವ ವಿಮಾನವೂ ಇನ್ನೂ ತುಂಬಿಲ್ಲ. ಆದುದರಿಂದ ಒಂದು ದಿನ ಮೊದಲೇ ತಿಳಿಸುವುದು ಲೇಸು. ತಂದೆತಾಯಿಗಳ ಕೈಯನ್ನು ಬಿಸಿಯಿರುವಾಗಲೇ ಹಿಡಿಯುವ ಭಾಗ್ಯ ಮಕ್ಕಳಿಗೆ ತಪ್ಪದಿರಲಿ.