ವಿದ್ಯುತ್ ಸೈಕಲಿಗೆ ಮೋಟಾರು ಮತ್ತು ಬ್ಯಾಟರಿ: ಕೊಳ್ಳುವ ಮುನ್ನ ಒಂದಿಷ್ಟು ಲೆಕ್ಕಾಚಾರ

ಮೀನು, ಹಾಲು, ತರಕಾರಿ, ದಿನಸಿಗಳನ್ನು ಮನೆಬಾಗಿಲಿಗೆ ತಲುಪಿಸುವ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳ ಸಣ್ಣ ವ್ಯಾಪಾರಿಗಳಿಗೆ ಇಂಧನದ ವೆಚ್ಚ ದಿನನಿತ್ಯದ ಚಿಂತೆ. ಇರುವ ಸೈಕಲಿಗೆ ವಿದ್ಯುತ್ ಮೋಟಾರು ಜೋಡಿಸುವ ಕಿಟ್‌ಗಳು ಈಗ ಸುಲಭವಾಗಿ ದೊರೆಯುತ್ತಿರುವುದರಿಂದ ಹಲವರ ಗಮನ ಅತ್ತ ಹರಿದಿದೆ. ಆದರೆ ಮೊದಲು ಮೋಟಾರು ಕೊಂಡು, ಉಳಿದ ಹಣಕ್ಕೆ ಸಿಕ್ಕಷ್ಟು ಬ್ಯಾಟರಿ ಕೊಳ್ಳುವ ಕ್ರಮ ನಷ್ಟಕ್ಕೆ ದಾರಿ ಮಾಡಿಕೊಡುತ್ತದೆ. ಹೊರಬೇಕಾದ ಭಾರ ಮತ್ತು ಕ್ರಮಿಸಬೇಕಾದ ದೂರವನ್ನು ಮೊದಲು ನಿರ್ಧರಿಸಿ, ಅದಕ್ಕೆ ತಕ್ಕ ಮೋಟಾರನ್ನೂ ಬಳಿಕ ಬ್ಯಾಟರಿಯನ್ನೂ ಆರಿಸುವುದೇ ಸರಿಯಾದ ಕ್ರಮ.

ಕಾನೂನಿನ ಮಿತಿ

ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರಿನ 30 ನಿಮಿಷಗಳ ಸಾಮರ್ಥ್ಯ 0.25 ಕಿಲೋವ್ಯಾಟ್‌ಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಮತ್ತು ಬ್ಯಾಟರಿ ಹೊರತಾದ ತೂಕ 60 ಕಿಲೋ ಮೀರದಿದ್ದರೆ ಅಂತಹ ವಾಹನ ಮೋಟಾರು ವಾಹನವೆನಿಸುವುದಿಲ್ಲ. ಮಾರುಕಟ್ಟೆಯಲ್ಲಿ ದೊರೆಯುವ 500 ಅಥವಾ 1,000 ವ್ಯಾಟ್‌ನ ಕಿಟ್ ಅಳವಡಿಸಿದರೆ ಈ ವಿನಾಯಿತಿ ತಪ್ಪುತ್ತದೆ. ಅಪಘಾತ ಸಂಭವಿಸಿದಾಗ ನೋಂದಣಿಯಾಗಲಿ ವಿಮೆಯಾಗಲಿ ಇಲ್ಲದ ಹೊಣೆ ಮಾಲೀಕರ ಮೇಲೆಯೇ ಬೀಳುತ್ತದೆಂಬುದನ್ನು ಮರೆಯಬಾರದು.

ಮೋಟಾರಿನ ಆಯ್ಕೆ

ಸವಾರ, ಸೈಕಲು ಮತ್ತು ಸರಕು ಸೇರಿ ಒಟ್ಟು 120 ಕಿಲೋ ಎಂದು ಇಟ್ಟುಕೊಳ್ಳೋಣ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 20 ಕಿ.ಮೀ. ವೇಗಕ್ಕೆ ಸುಮಾರು 130 ವ್ಯಾಟ್ ಸಾಕು. 100 ಮೀಟರಿಗೆ 5 ಮೀಟರು ಏರುವ ರಸ್ತೆಯಲ್ಲಿ 15 ಕಿ.ಮೀ. ವೇಗಕ್ಕೇ 320 ವ್ಯಾಟ್ ಬೇಕಾಗುತ್ತದೆ. ವೇಗವನ್ನು 10 ಕಿ.ಮೀ.ಗೆ ಇಳಿಸಿದರೆ ಸುಮಾರು 200 ವ್ಯಾಟ್ ಸಾಲುತ್ತದೆ. ಅಂದರೆ ಕಾನೂನಿನ ಮಿತಿಯೊಳಗಿನ ಮೋಟಾರು ಹೆದ್ದಾರಿಯ ಬಯಲು ಭಾಗಕ್ಕೆ ಧಾರಾಳವಾಗಿ ಸಾಲುತ್ತದೆ. ಒತ್ತಿನೆಣೆಯಂತಹ ಏರಿನಲ್ಲಿ ವೇಗ ತಗ್ಗಿಸಿ ಪೆಡಲನ್ನೂ ತುಳಿಯಬೇಕಾಗುತ್ತದೆ.

ಚಕ್ರದ ನಡುವೆ ಕೂರುವ ಹಬ್ ಮೋಟಾರುಗಳಲ್ಲಿ ಎರಡು ಬಗೆ. ಗೇರ್ ಇಲ್ಲದ ಮೋಟಾರು ಗಟ್ಟಿಮುಟ್ಟು. ಆದರೆ ಭಾರವಾದದ್ದು, ನಿಧಾನಗತಿಯ ಏರಿನಲ್ಲಿ ಬೇಗ ಬಿಸಿಯಾಗುತ್ತದೆ. ಒಳಗೆ ಗೇರ್ ಇರುವ ಮೋಟಾರು ಹಗುರ, ಎಳೆತವೂ ಹೆಚ್ಚು. ಆದರೆ ಅದರ ಹಲ್ಲುಗಳು ಕಾಲಕ್ರಮದಲ್ಲಿ ಸವೆಯುತ್ತವೆ. ಪೆಡಲಿನ ಬಳಿ ಕೂರುವ ಮೋಟಾರು ಸೈಕಲಿನ ಗೇರುಗಳನ್ನೇ ಬಳಸಿಕೊಳ್ಳುವುದರಿಂದ ಏರುದಾರಿಗೆ ಉತ್ತಮ. ಅದಕ್ಕೆ ಬೆಲೆ ಹೆಚ್ಚು, ಸರಪಳಿಯ ಸವೆತವೂ ಹೆಚ್ಚು. ಸರಕು ಹೊತ್ತು ಕರಾವಳಿಯ ಒಳನಾಡಿನ ಏರಿಳಿತಗಳಲ್ಲಿ ಓಡಾಡುವವರಿಗೆ ಒಳಗೇರಿನ ಹಬ್ ಮೋಟಾರು ಬೆಲೆ ಮತ್ತು ಉಪಯೋಗಗಳೆರಡರಲ್ಲೂ ಮಧ್ಯಮ ಮಾರ್ಗ.

ಬ್ಯಾಟರಿಯ ಲೆಕ್ಕ

ವೋಲ್ಟ್ ಮತ್ತು ಆಂಪಿಯರ್-ಅವರ್‌ಗಳನ್ನು ಗುಣಿಸಿದರೆ ದೊರೆಯುವ ವ್ಯಾಟ್-ಅವರ್ ಸಂಖ್ಯೆಯೇ ಬ್ಯಾಟರಿಯ ನಿಜವಾದ ಅಳತೆ. ಸರಕಿನೊಡನೆ ಅಲ್ಲಲ್ಲಿ ನಿಂತು ಸಾಗುವ ಸೈಕಲಿಗೆ ಕಿಲೋಮೀಟರಿಗೆ 15 ವ್ಯಾಟ್-ಅವರ್ ಹಿಡಿಯುವುದು ಕ್ಷೇಮ. ಕುಂದಾಪುರದಿಂದ ಬೈಂದೂರಿಗೆ ಸುಮಾರು 30 ಕಿ.ಮೀ. ಎಂದರೆ 450 ವ್ಯಾಟ್-ಅವರ್ ಬೇಕು. ಬ್ಯಾಟರಿಯ ಶೇ. 80ರಷ್ಟನ್ನು ಮಾತ್ರ ಬಳಸುವ ನಿಯಮ ಇಟ್ಟುಕೊಂಡರೆ ಅಗತ್ಯ ಸುಮಾರು 560ಕ್ಕೆ ಏರುತ್ತದೆ. 48 ವೋಲ್ಟ್, 12 ಆಂಪಿಯರ್-ಅವರ್ ಬ್ಯಾಟರಿ ಇದಕ್ಕೆ ಸರಿಹೊಂದುತ್ತದೆ. ಹೋದ ಊರಿನಲ್ಲಿ ನಾಲ್ಕು ಗಂಟೆ ಚಾರ್ಜ್ ಮಾಡಲು ಅನುಕೂಲವಿದ್ದರೆ ಇದೇ ಬ್ಯಾಟರಿಯಲ್ಲಿ ಮರಳಬಹುದು. ಇಲ್ಲವಾದರೆ ಇದರ ಎರಡರಷ್ಟು ಸಾಮರ್ಥ್ಯಕ್ಕೆ ಹಣ ತೆರಬೇಕು.

ಇಷ್ಟೇ ಸಾಮರ್ಥ್ಯದ ಸೀಸ-ಆಮ್ಲ ಬ್ಯಾಟರಿ ಸುಮಾರು 16 ಕಿಲೋ ತೂಗಿದರೆ ಲಿಥಿಯಂ ಬ್ಯಾಟರಿ 4ರಿಂದ 6 ಕಿಲೋ ಮಾತ್ರ ತೂಗುತ್ತದೆ. ಲಿಥಿಯಂ ಬ್ಯಾಟರಿಗಳಲ್ಲಿಯೂ ನಿಕ್ಕಲ್-ಮ್ಯಾಂಗನೀಸ್-ಕೋಬಾಲ್ಟ್ ಬಗೆಯದು ಹಗುರ. ಕಬ್ಬಿಣದ ಫಾಸ್ಫೇಟ್ ಬಗೆಯದು ತುಸು ಭಾರವಾದರೂ ಬಿಸಿಯನ್ನು ಹೆಚ್ಚು ತಾಳುತ್ತದೆ, ಹೆಚ್ಚು ಬಾರಿ ಚಾರ್ಜ್ ಮಾಡಲೂ ಒದಗುತ್ತದೆ. ಪ್ರತಿದಿನ ಓಡುವ ವ್ಯಾಪಾರದ ಸೈಕಲಿಗೆ ಎರಡನೆಯದೇ ಲೇಸು. ಒಂದರ ಚಾರ್ಜರನ್ನು ಇನ್ನೊಂದಕ್ಕೆ ಎಂದಿಗೂ ಜೋಡಿಸಬಾರದು: 48 ವೋಲ್ಟಿನ ಹೆಸರಿನಲ್ಲಿ ಮಾರಾಟವಾಗುವ ಮೊದಲ ಬಗೆಯ 13 ಕೋಶಗಳ ಸರಣಿ 54.6 ವೋಲ್ಟಿಗೆ ತುಂಬಿದರೆ, ಎರಡನೆಯ ಬಗೆಯ 16 ಕೋಶಗಳ ಸರಣಿ 58.4 ವೋಲ್ಟಿಗೆ ತುಂಬುತ್ತದೆ. ಈ ಅಂತರ ಬೆಂಕಿಗೆ ಕಾರಣವಾಗಬಲ್ಲದು. ಪ್ರತಿಯೊಂದು ಕೋಶದ ಮೇಲೂ ನಿಗಾ ಇಡುವ ನಿಯಂತ್ರಣ ಫಲಕವಿಲ್ಲದ ಬ್ಯಾಟರಿಯನ್ನು ಎಷ್ಟೇ ಅಗ್ಗವಾಗಿದ್ದರೂ ಕೊಳ್ಳಬಾರದು.

ಮಳೆ ಮತ್ತು ಉಪ್ಪುಗಾಳಿ

ನಮ್ಮ ಕರಾವಳಿಯ ಮಳೆಗಾಲವೇ ಈ ಸಾಧನಗಳಿಗೆ ಕಠಿಣ ಪರೀಕ್ಷೆ. ಬ್ಯಾಟರಿ ಪೆಟ್ಟಿಗೆ ಮತ್ತು ಮೋಟಾರಿಗೆ ಐಪಿ67 ದರ್ಜೆಯ ನೀರುತಡೆ ಇದೆಯೇ ಎಂದು ವಿಚಾರಿಸಬೇಕು. ವೈರು ಮೋಟಾರಿನೊಳಗೆ ಹೋಗುವ ಮುನ್ನ ಕೆಳಕ್ಕೆ ಬಾಗಿರಬೇಕು. ಆಗ ಮಳೆನೀರು ಒಳಗೆ ಇಳಿಯದೆ ಅಲ್ಲಿಯೇ ತೊಟ್ಟಿಕ್ಕುತ್ತದೆ. ಗಂಗೊಳ್ಳಿ, ಮರವಂತೆಯ ಕಡಲಂಚಿನಲ್ಲಿ ಓಡುವ ಸೈಕಲಿನ ಜೋಡಣೆಗಳಿಗೆ ಉಪ್ಪಿನ ತುಕ್ಕು ಹಿಡಿಯದಂತೆ ಗ್ರೀಸ್ ಹಚ್ಚುತ್ತಿರುವುದು ಅಗತ್ಯ. ನೆನೆದ ಬ್ಯಾಟರಿಯನ್ನು ಒಣಗಿಸದೆ ಚಾರ್ಜಿಗೆ ಇಡಬಾರದು.

ಹಳೆಯ ಬೈಕಿನ ಪರಿವರ್ತನೆ

ಪೆಟ್ರೋಲ್ ಬೈಕನ್ನು ವಿದ್ಯುತ್ತಿಗೆ ಪರಿವರ್ತಿಸುವುದು ಬೇರೆಯೇ ವಿಷಯ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ ಅನುಮೋದನೆ ಪಡೆದ ಕಿಟ್ ಮಾತ್ರ ಅಳವಡಿಸಬೇಕು ಮತ್ತು ಬದಲಾವಣೆಯನ್ನು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ನೋಂದಣಿ ಪತ್ರಕ್ಕೆ ಸೇರಿಸಿಕೊಳ್ಳಬೇಕು. 2021ರಲ್ಲಿ ಮಹಾರಾಷ್ಟ್ರದ ಠಾಣೆಯ ಗೋಗೋಎ1 ಸಂಸ್ಥೆ ಹೀರೋ ಸ್ಪ್ಲೆಂಡರಿಗೆ ತಂದ ಕಿಟ್‌ನ ಬೆಲೆ ಸುಮಾರು 35,000 ರೂ. ಇದ್ದು, ಬ್ಯಾಟರಿಯ ವೆಚ್ಚ ಪ್ರತ್ಯೇಕವಾಗಿತ್ತು. ಜಾಹೀರಾತಿನ ಬೆಲೆಯಲ್ಲಿ ಬ್ಯಾಟರಿ ಸೇರಿದೆಯೇ ಎಂಬುದು ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ.

ಉದ್ಯಮಿಗಳಿಗೆ ಅವಕಾಶ

ಕೋಶಗಳನ್ನು ಸ್ಥಳೀಯವಾಗಿ ತಯಾರಿಸುವುದು ಸಣ್ಣ ಕೈಗಾರಿಕೆಗೆ ಸಾಧ್ಯವಾಗದ ಮಾತು. ಆದರೆ ಚಕ್ರದ ಅಚ್ಚು ತಿರುಗದಂತೆ ತಡೆಯುವ ಉಕ್ಕಿನ ಪಟ್ಟಿ, ನೀರು ನುಸುಳದ ಪೆಟ್ಟಿಗೆ, ಸರಕಿನ ಕ್ಯಾರಿಯರ್, ಬಲವಾದ ಬ್ರೇಕ್ ಜೋಡಣೆ, ದುರಸ್ತಿ ಸೇವೆ ಇವೆಲ್ಲವೂ ನಮ್ಮ ವರ್ಕ್‌ಶಾಪುಗಳ ಕೈಗೆಟಕುವ ಕೆಲಸಗಳು. ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು 2022ರಿಂದ ಜಾರಿಯಲ್ಲಿರುವುದರಿಂದ, ಹಳೆಯ ಬ್ಯಾಟರಿಯನ್ನು ಹಿಂಪಡೆಯುವ ವ್ಯವಸ್ಥೆಯುಳ್ಳ ಸರಬರಾಜುದಾರರನ್ನೇ ಆರಿಸುವುದು ವಿವೇಕ. ಖಾತರಿಯ ಅವಧಿ, ಬಿಡಿಭಾಗಗಳ ಲಭ್ಯತೆ ಮತ್ತು ವ್ಯಾಟ್-ಅವರ್ ಪ್ರಮಾಣವನ್ನು ಬಿಲ್ಲಿನಲ್ಲಿಯೇ ಬರೆಸಿಕೊಂಡು ವ್ಯವಹರಿಸಿದಲ್ಲಿ, ಇಂದು ಹೂಡಿದ ಹಣ ನಾಳೆಯ ಇಂಧನ ಉಳಿತಾಯವಾಗಿ ಮರಳುವುದರಲ್ಲಿ ಸಂಶಯವಿಲ್ಲ.