ವೇದಾವತಿಯ ದಂಡೆಗುಂಟ ಒಂದು ದಿನ

ದೋಣಿಯಲ್ಲಿ ಕೂತು ಕೋಟೆ, ಊರು ನೋಡುತ್ತ ಸಾಗುವಂಥ ತುಂಬು ಹೊಳೆ ಚಿತ್ರದುರ್ಗ ಜಿಲ್ಲೆಗಿಲ್ಲ. ಇರುವುದು ವೇದಾವತಿ. ಬಾಬಾಬುಡನ್‌ಗಿರಿಯ ಸೀಮೆಯಲ್ಲಿ ಹುಟ್ಟಿ, ಕಡೂರು ದಾಟಿ ಹೊಸದುರ್ಗ ತಾಲ್ಲೂಕಿಗೆ ಇಳಿಯುವ ಈ ಹೊಳೆ ಮಳೆ ಕೈಹಿಡಿದರೆ ಮೈದುಂಬುತ್ತದೆ, ಇಲ್ಲವಾದರೆ ಬರೀ ಮರಳು. ಆದರೂ ಅದರ ಜಾಡು ಹಿಡಿದು ಬೆಳಿಗ್ಗೆ ಹೊಸದುರ್ಗ ಬಿಟ್ಟರೆ, ಸಂಜೆಯೊಳಗೆ ಚಿತ್ರದುರ್ಗದ ಏಳು ಸುತ್ತಿನ ಕೋಟೆ ಸೇರಬಹುದು. ಬಯಲುಸೀಮೆಯ ಮಂದಿ ನೀರನ್ನು ಎಷ್ಟು ಜತನದಿಂದ ಕಂಡರು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಹೊಸದುರ್ಗದ ಬೆಟ್ಟದ ಮೇಲೂ ಕೋಟೆಯಿದೆ. ಚಿತ್ರದುರ್ಗದ ನಾಯಕರು ಕಟ್ಟಿಸಿದ್ದು. ಹತ್ತಲು ಹೋದರೆ ಅರ್ಧ ದಿನ ಅಲ್ಲೇ ಕಳೆದೀತು. ಹಾಗಾಗಿ ಕೆಳಗಿನಿಂದಲೇ ಕಣ್ತುಂಬಿಕೊಂಡು ಮುಂದೆ ಹೊರಡುವುದು ಒಳಿತು. ಅಲ್ಲಿಂದಾಚೆಗೆ ತೆಂಗು, ಅಡಿಕೆ, ರಾಗಿ ಹೊಲ, ನಡುನಡುವೆ ಗೊಲ್ಲರ ಹಟ್ಟಿಗಳು. ತಗ್ಗಿಗೆ ಇಳಿದಂತೆ ಹೊಲದ ಅಂಚಿನಲ್ಲೇ ನೀರು ಎದುರಾಗುತ್ತದೆ: ಅದು ವಾಣಿವಿಲಾಸ ಸಾಗರದ ಹಿನ್ನೀರು. ಬೆಳಗಿನ ಹೊತ್ತಿಗೆ ಬಂದರೆ ಮೀನುಗಾರರು ಹರಿಗೋಲಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಒಂದು ಕೈಯಲ್ಲಿ ಹುಟ್ಟು ಹಾಕುತ್ತ ಇನ್ನೊಂದು ಕೈಯಲ್ಲಿ ಬಲೆ ಎಳೆಯುವುದನ್ನು ನೋಡಬಹುದು. ಬಲೆಯ ಎಳೆ ನೀರಿನಿಂದ ಮೇಲೆದ್ದಾಗ ಹನಿಗಳು ಸಾಲಾಗಿ ಉದುರುತ್ತವೆ, ನಡುವೆ ಎಲ್ಲೋ ಒಂದು ಮೀನು ಮಿರುಗುತ್ತದೆ.

ಈ ಚೆಲುವಿಗೆ ಇನ್ನೊಂದು ಮುಖವೂ ಇದೆ. ಜಲಾಶಯ ತುಂಬಿ ಹಿಗ್ಗಿದ ವರ್ಷ ಹಿರಿಯೂರಿನವರು ಹಬ್ಬ ಮಾಡುತ್ತಾರೆ, ಹೊಸದುರ್ಗ ಕಡೆಯ ಹಿನ್ನೀರಿನ ಹಳ್ಳಿಗಳಲ್ಲಿ ತೋಟ, ಮನೆ, ದಾರಿ ನೀರಿಗೆ ಸಿಕ್ಕುತ್ತವೆ. ಕೋಡಿಯ ಎತ್ತರ ತಗ್ಗಿಸಿ ಎಂದು ಅಲ್ಲಿನ ರೈತರು ಕೇಳುತ್ತಲೇ ಬಂದಿದ್ದಾರೆ. ಹಿನ್ನೀರಿನ ಫೋಟೊ ತೆಗೆಯುವವರು ಅವರ ಮಾತನ್ನೂ ಒಂದು ಗಳಿಗೆ ನಿಂತು ಕೇಳಬೇಕು.

ಬಳಸಿಕೊಂಡು ಅಣೆಕಟ್ಟೆಯ ಬಳಿ ಬಂದರೆ ಊರಿನವರ ಬಾಯಲ್ಲಿ ಇದು ಇವತ್ತಿಗೂ ಮಾರಿಕಣಿವೆ. ಎರಡು ಗುಡ್ಡಗಳ ನಡುವಿನ ಕಂಡಿಯನ್ನು ಕಲ್ಲು, ಗಾರೆಯಿಂದ ಮುಚ್ಚಿ ಮೈಸೂರು ಸಂಸ್ಥಾನ 1907ರಲ್ಲಿ ಕಟ್ಟಿ ಮುಗಿಸಿದ ಕಟ್ಟೆ. ಉದ್ದ ಸುಮಾರು 405 ಮೀಟರ್. ನಾಲ್ವಡಿ ಕೃಷ್ಣರಾಜ ಒಡೆಯರ ತಾಯಿ, ರಾಜಪ್ರತಿನಿಧಿಯಾಗಿ ಆಳಿದ ವಾಣಿವಿಲಾಸ ಸನ್ನಿಧಾನದವರ ಹೆಸರು ಇದಕ್ಕೆ ಬಂತು. ಕಣಿವೆ ಮಾರಮ್ಮನ ಗುಡಿ ಪಕ್ಕದಲ್ಲೇ ಇದೆ. ಹರಕೆ ಹೊತ್ತ ಮಂದಿ ಅವಳಿಗೆ ಕೈಮುಗಿದೇ ನೀರು ನೋಡಲು ಹೋಗುತ್ತಾರೆ.

ಸುಮಾರು 30 ಟಿಎಂಸಿ ಅಡಿ ನೀರು ಹಿಡಿಯುವ ಈ ಜಲಾಶಯದ ಪೂರ್ಣ ಮಟ್ಟ 130 ಅಡಿ. ಕಟ್ಟಿದ ಮೇಲೆ ಮೊದಲ ಸಲ ಕೋಡಿ ಹರಿದದ್ದು 1933ರಲ್ಲಿ. ಆಮೇಲೆ ಮೂರು ತಲೆಮಾರು ಕಾಯಿತು. ಅಜ್ಜ ಹೇಳಿದ ಕೋಡಿಯ ಕಥೆಯನ್ನು ಮೊಮ್ಮಕ್ಕಳು ಕಣ್ಣಾರೆ ಕಂಡದ್ದು 2022ರಲ್ಲಿ, 89 ವರ್ಷಗಳ ಬಳಿಕ. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಒಳ್ಳೆಯ ಮಳೆಯ ಜತೆಗೆ, ಭದ್ರೆಯಿಂದ ಎತ್ತಿ ಅಜ್ಜಂಪುರದ ಸುರಂಗ ಹಾಯಿಸಿ ವೇದಾವತಿಗೆ ಬಿಡುವ ನೀರೂ ಇಲ್ಲಿಗೆ ಬಂದು ಸೇರುತ್ತಿದೆ.

ಕಾಲುವೆಯ ತೋಟಗಳ ನಡುವೆ ಹಿರಿಯೂರಿಗೆ ಬಂದರೆ ತೇರುಮಲ್ಲೇಶ್ವರನ ಗುಡಿ. ಮುಂದಿನ ಮಂಟಪದ ಮೇಲ್ಛಾವಣಿಯಲ್ಲಿ ಪುರಾಣದ ಚಿತ್ರಗಳಿವೆ. ಕತ್ತು ನೋಯುವವರೆಗೂ ತಲೆಯೆತ್ತಿ ನೋಡಿ, ನಷ್ಟವಿಲ್ಲ.

ಹೆದ್ದಾರಿ ಹಿಡಿದು ಚಿತ್ರದುರ್ಗ ತಲುಪಿದಾಗ ಬಿಸಿಲು ಇಳಿದಿದ್ದರೆ ಪುಣ್ಯ. ಎಲ್ಲರೂ ಬತೇರಿ, ಬುರುಜು ನೋಡಿ ಇಳಿಯುತ್ತಾರೆ. ನೀವು ಗೋಪಾಲಸ್ವಾಮಿ ಹೊಂಡದ ಬಳಿ ನಿಲ್ಲಿ. ಅದು ತುಂಬಿದರೆ ಹೆಚ್ಚಾದ ನೀರು ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಬಂಡೆಯ ಮೇಲೆ ಬಿದ್ದ ಮಳೆಯನ್ನು ವ್ಯರ್ಥವಾಗಲು ಬಿಡದೆ ಪಾಳೆಯಗಾರರ ಕಾಲದಲ್ಲಿ ಕೂಡಿಸಿದ ಸರಪಳಿ ಇದು. 1779ರಲ್ಲಿ ಮದಕರಿ ನಾಯಕನಿಂದ ಕೋಟೆ ಹೈದರಾಲಿಯ ಕೈಸೇರಿತು. ಹೊಂಡಗಳು ಮಾತ್ರ ತಮ್ಮ ಕೆಲಸ ಬಿಡಲಿಲ್ಲ. ಓಬವ್ವ ಒನಕೆ ಎತ್ತಿದ ಕಿಂಡಿಯ ಕಥೆಯೂ ನೀರು ತರಲು ಹೊರಟ ಹೆಣ್ಣುಮಗಳ ಕಥೆಯೇ.

ಮಳೆಗಾಲ ಮುಗಿದ ಮೇಲೆ, ಅಕ್ಟೋಬರಿನಿಂದ ಜನವರಿಯೊಳಗೆ ಬನ್ನಿ. ಹಿನ್ನೀರಿನಲ್ಲಿ ಈಜಲು ಇಳಿಯಬೇಡಿ, ಮೀನುಗಾರರ ಹರಿಗೋಲು ಹತ್ತಿಸಿ ಎಂದು ಪೀಡಿಸಬೇಡಿ. ಹೊಂಡಗಳಿಗೆ ನೀರಿನ ಬಾಟಲಿ ಎಸೆಯದೆ ಬಂದರೆ ಅದೇ ದೊಡ್ಡ ಉಪಕಾರ.